ಕಂಠದ ಮೂಳೆಯೂ ನಿಯಾಂಡರ್ತಾಲ್ ಮಾನವನ ಮಾತೂ

ನಾಲಿಗೆ, ಧ್ವನಿಪೆಟ್ಟಿಗೆ, ಮೆದುಳು ಇವೆಲ್ಲವೂ ಮಣ್ಣಿನಲ್ಲಿ ಕರಗಿಹೋಗುವ ಅಂಗಗಳು. ಆದುದರಿಂದ ಮಾತಿನ ವಿಕಾಸಕ್ಕೆ ನೇರ ಪಳೆಯುಳಿಕೆಗಳಿಲ್ಲ. ಭಾಷೆಯ ಉಗಮವನ್ನು ಕುರಿತ ಪ್ರಬಂಧಗಳನ್ನು ಸ್ವೀಕರಿಸಲಾಗದೆಂದು ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವು 1866ರಲ್ಲೇ ತನ್ನ ನಿಯಮಾವಳಿಯಲ್ಲಿ ವಿಧಿಸಿತ್ತು. ಒಂದು ಶತಮಾನದ ಬಳಿಕ ಈ ಪ್ರಶ್ನೆಗೆ ಹೊಸ ಕಾವು ತಂದದ್ದು ಅಂಗರಚನಾಶಾಸ್ತ್ರ.

ಫ್ರಾನ್ಸಿನ ಲಾ ಶಪೆಲ್-ಓ-ಸೇಂ ಎಂಬಲ್ಲಿ 1908ರಲ್ಲಿ ದೊರೆತ ನಿಯಾಂಡರ್ತಾಲ್ ಅಸ್ಥಿಪಂಜರದ ತಲೆಬುರುಡೆಯನ್ನು ಆಧರಿಸಿ ಫಿಲಿಪ್ ಲೀಬರ್ಮನ್ ಮತ್ತು ಎಡ್ಮಂಡ್ ಕ್ರೆಲಿನ್ 1971ರಲ್ಲಿ ಅದರ ಧ್ವನಿಮಾರ್ಗವನ್ನು ಪುನಾರಚಿಸಿದರು. ವಯಸ್ಕ ಮಾನವನಲ್ಲಿ ಧ್ವನಿಪೆಟ್ಟಿಗೆ ಕೆಳಗಿಳಿದಿರುತ್ತದೆ. ನವಜಾತ ಶಿಶುವಿನಲ್ಲಿ ಮೇಲಿರುತ್ತದೆ. ನಿಯಾಂಡರ್ತಾಲನದು ಶಿಶುವಿನಂತೆಯೇ ಇದ್ದು, ನಮ್ಮ ಆ, ಈ, ಊಗಳನ್ನು ಹೋಲುವ ಸ್ವರಗಳು ಅವನಿಗೆ ಅಸಾಧ್ಯವಾಗಿದ್ದುವೆಂಬುದು ಅವರ ನಿರ್ಣಯ. ಅವರು ಅವನನ್ನು ಮೂಕನೆಂದು ಕರೆಯಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಆ ವಿಶೇಷಣವನ್ನು ಅಂಟಿಸಿದುದು ಜನಪ್ರಿಯ ಬರಹ.

ಆದರೆ ಈ ಅಸ್ಥಿಪಂಜರವು ಮೊದಲೇ ಒಮ್ಮೆ ವಿದ್ವಾಂಸರನ್ನು ದಾರಿತಪ್ಪಿಸಿತ್ತು. ಮಾರ್ಸೆಲಿನ್ ಬೂಲ್ ಅದನ್ನು ನೋಡಿ ನಿಯಾಂಡರ್ತಾಲರನ್ನು ಬಾಗಿದ ಬೆನ್ನಿನವರೆಂದು ಚಿತ್ರಿಸಿದ್ದರು. ಅದು ಸಂಧಿವಾತದಿಂದ ನರಳಿದ ವೃದ್ಧನದೆಂದು 1957ರಲ್ಲಿ ಸ್ಟ್ರಾಸ್ ಮತ್ತು ಕೇವ್ ತೋರಿಸಿಕೊಟ್ಟರು. ಬುರುಡೆಯ ತಳಭಾಗವೂ ಭಗ್ನವಾಗಿದ್ದು ಮರುಜೋಡಣೆಗೊಂಡುದು. ಅಂಥದೊಂದೇ ಬುರುಡೆಯಿಂದ ಒಂದು ಮಾನವಕುಲದ ಸ್ವರಸಂಪತ್ತನ್ನು ಅಳೆದದ್ದು ಅತಿಸಾಹಸವೆಂದೇ ನನಗೆ ತೋರುತ್ತದೆ.

1983ರಲ್ಲಿ ಇಸ್ರೇಲಿನ ಕಾರ್ಮೆಲ್ ಬೆಟ್ಟದ ಕೆಬಾರಾ ಗುಹೆಯಲ್ಲಿ ಸುಮಾರು 60,000 ವರ್ಷಗಳಷ್ಟು ಹಿಂದಿನ ನಿಯಾಂಡರ್ತಾಲ್ ಪುರುಷನ ಅಸ್ಥಿಗಳು ದೊರೆತುವು. ನಾಲಿಗೆಯ ಬುಡದಲ್ಲಿರುವ ಹಯಾಯ್ಡ್ ಎಂಬ ಪುಟ್ಟ ಮೂಳೆಯೂ ಅವುಗಳೊಡನಿತ್ತು. ಅದು ನಮ್ಮದಕ್ಕಿಂತ ಹೆಚ್ಚೇನೂ ಭಿನ್ನವಲ್ಲವೆಂದು ಅರೆನ್ಸ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಮೂಳೆಯ ಆಕಾರವು ಕಂಠದಲ್ಲಿ ಅದರ ಸ್ಥಾನವನ್ನು ತಿಳಿಸದೆಂಬ ಆಕ್ಷೇಪ ಒಡನೆಯೇ ಬಂದಿತು. ಆಕ್ಷೇಪ ಸರಿಯಾದುದೇ, ಆದರೆ ಅದೇ ತರ್ಕ ಬುರುಡೆಗೂ ಅನ್ವಯಿಸುತ್ತದಲ್ಲವೆ?

ವಾದದ ನೆಲೆಯನ್ನೇ ಬದಲಿಸಿದುದು ಜೀವಂತ ಪ್ರಾಣಿಗಳ ಅಧ್ಯಯನ. ಕೆಂಪು ಜಿಂಕೆಯ ಗಂಡಿನಲ್ಲೂ ಧ್ವನಿಪೆಟ್ಟಿಗೆ ಕೆಳಗಿಳಿದಿರುವುದೆಂದು ಫಿಚ್ ಮತ್ತು ರೆಬಿ 2001ರಲ್ಲಿ ತೋರಿಸಿದರು. ಕೂಗುವಾಗ ಅದು ಎದೆಮೂಳೆಯ ಬಳಿಗೇ ಸರಿಯುತ್ತದೆ. ಜಿಂಕೆಗೆ ಮಾತಂತೂ ಇಲ್ಲ. 2016ರಲ್ಲಿ ಫಿಚ್ ಹಾಗೂ ಸಹೋದ್ಯೋಗಿಗಳು ಮಕಾಕ್ ಕೋತಿಯ ಕಂಠವನ್ನು ಕ್ಷಕಿರಣದಿಂದ ಪರೀಕ್ಷಿಸಿ, ಮಾತಿಗೆ ಸಾಕಾಗುವಷ್ಟು ಸ್ವರಭೇದಗಳು ಅದರಿಂದ ಹೊರಡಬಲ್ಲವೆಂದು ಗಣಕಯಂತ್ರದ ಮಾದರಿಯ ಮೂಲಕ ನಿರೂಪಿಸಿದರು. ಕೋತಿಗೆ ಇಲ್ಲದುದು ಕಂಠವಲ್ಲ, ಕಂಠವನ್ನು ಆಳುವ ಮೆದುಳು ಎಂಬುದು ಅವರ ತೀರ್ಮಾನ.

ಹೀಗೆ ಪ್ರಶ್ನೆ ಕಂಠದಿಂದ ಮೆದುಳಿಗೆ ಏರಿತು, ಮೆದುಳಾದರೋ ಪಳೆಯುಳಿಕೆಯಾಗದು. ಈ ಕೊರತೆಯನ್ನು ವಂಶವಾಹಿಗಳು ತುಂಬಿಯಾವೆಂಬ ನಿರೀಕ್ಷೆ ಹುಟ್ಟಿತ್ತು. ಮಾತಿನ ಚಲನೆಗೆ ಸಂಬಂಧಿಸಿದ ಫಾಕ್ಸ್‌ಪಿ2 ವಂಶವಾಹಿಯ ಮಾನವರೂಪವು ಕಳೆದ ಎರಡು ಲಕ್ಷ ವರ್ಷಗಳೊಳಗೆ ನೆಲೆಗೊಂಡಿತೆಂದು 2002ರಲ್ಲಿ ಅಂದಾಜಿಸಲಾಯಿತು. 2007ರಲ್ಲಿ ಅದೇ ರೂಪ ಸ್ಪೇನಿನ ನಿಯಾಂಡರ್ತಾಲ್ ಮೂಳೆಗಳಲ್ಲೂ ಕಂಡುಬಂದಿತು. 2018ರ ವಿಸ್ತೃತ ಪರಿಶೀಲನೆಯಲ್ಲಿ, ಆ ವಂಶವಾಹಿಯು ಇತ್ತೀಚಿನ ಕಾಲದಲ್ಲಿ ವಿಶೇಷ ಆಯ್ಕೆಗೆ ಒಳಗಾಯಿತೆಂಬುದಕ್ಕೂ ಆಧಾರ ದೊರೆಯಲಿಲ್ಲ.