ಗೆಲಾಕ್ಸಿಗಳ ಚಿಮ್ಮುಧಾರೆಯಲ್ಲಿ ಕರೆಂಟು: ನೂರು ವರ್ಷಗಳ ಹುಡುಕಾಟ

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಊರುಗಳು. ಕನ್ಯಾ ರಾಶಿಯಲ್ಲಿರುವ ಎಂ 87 ಎಂಬ ದೈತ್ಯ ಗೆಲಾಕ್ಸಿ ಆಕಾಶದಲ್ಲಿ ಸಾಗುವ ದಾರಿಯೂ ಹೆಚ್ಚೂಕಡಿಮೆ ಅದೇ ಅಕ್ಷಾಂಶದ ಮೇಲೆಯೇ. ಏಪ್ರಿಲ್ ಕೊನೆಯ ವಾರ ರಾತ್ರಿ ಹತ್ತೂವರೆ ಸುಮಾರಿಗೆ ಈ ಊರುಗಳ ಯಾವ ತಾರಸಿಯ ಮೇಲೆ ನಿಂತರೂ ಅದು ನೆತ್ತಿಯ ಮೇಲಿರುತ್ತದೆ. ಬರಿಗಣ್ಣಿಗೆ ಸಿಗುವುದಿಲ್ಲ, ಸಣ್ಣ ದೂರದರ್ಶಕದಲ್ಲಿ ಮಸುಕು ಚುಕ್ಕೆಯಾಗಿ ಕಾಣುತ್ತದೆ. 1918ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಆ ಮಸುಕಿನ ನಡುವಿನಿಂದ ಹೊರಟ ನೇರವಾದ ಒಂದು ಗೆರೆಯನ್ನು ಗುರುತಿಸಿ ಬರೆದಿಟ್ಟರು. ಏನದು, ಏಕೆ ನೇರವಾಗಿದೆ ಎಂದು ಹೇಳಲು ಆಗ ಯಾರಿಂದಲೂ ಆಗಲಿಲ್ಲ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿಯ ನಡುವೆ 650 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ, ಆ ಗೆರೆ ಅಲ್ಲಿಂದ ಹೊರಟ ಸುಮಾರು 5,000 ಜ್ಯೋತಿರ್ವರ್ಷ ಉದ್ದದ ಚಿಮ್ಮುಧಾರೆ ಎಂಬುದು ಇಂದಿನ ತಿಳಿವಳಿಕೆ.

ಮುಂದಿನ ಹೆಜ್ಜೆಗೆ ಮೂವತ್ತು ವರ್ಷ ಹಿಡಿಯಿತು, ಅದೂ ರೇಡಿಯೊ ಕಿವಿಯಿಂದ. 1949ರಲ್ಲಿ ಆಸ್ಟ್ರೇಲಿಯಾದ ಬೋಲ್ಟನ್, ಸ್ಟ್ಯಾನ್ಲಿ ಮತ್ತು ಸ್ಲೀ ಕನ್ಯಾ ರಾಶಿಯಿಂದ ಬರುವ ಜೋರಾದ ರೇಡಿಯೊ ಸದ್ದಿನ ಮೂಲ ಎಂ 87 ಎಂದು ಸೂಚಿಸಿದರು. 1953ರಲ್ಲಿ ಜೆನ್ನಿಸನ್ ಮತ್ತು ನಮ್ಮ ದೇಶದವರೇ ಆದ ಮೃಣಾಲ್ ಕುಮಾರ್ ದಾಸ್‌ಗುಪ್ತಾ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಾ, ಸಿಗ್ನಸ್ ಎ ಎಂಬ ರೇಡಿಯೊ ಮೂಲ ಒಂದಲ್ಲ, ದೂರ ದೂರ ನಿಂತ ಎರಡು ಮೋಡಗಳು ಎಂದು ತೋರಿಸಿದರು. ನಡುವಿನ ಗೆಲಾಕ್ಸಿ ಎರಡೂ ಕಡೆಗೆ ಏನನ್ನೋ ಹೊರಚಿಮ್ಮುತ್ತಿದೆ ಎಂಬ ಕಲ್ಪನೆಗೆ ಬುನಾದಿ ಬಿದ್ದದ್ದು ಇಲ್ಲಿ. ದಾಸ್‌ಗುಪ್ತಾ ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ಅದೇ ಹೊತ್ತಿಗೆ ಖಗೋಳವಿಜ್ಞಾನಿ ಶ್ಕ್ಲೋವ್ಸ್ಕಿ, ಎಂ 87ರ ಧಾರೆಯ ಬೆಳಕು ಬಿಸಿಯಿಂದ ಬಂದದ್ದಲ್ಲ, ಕಾಂತಕ್ಷೇತ್ರದ ಸುತ್ತ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಸುತ್ತುವ ಎಲೆಕ್ಟ್ರಾನುಗಳದ್ದು ಎಂದರು. ಹಾಗಿದ್ದರೆ ಬೆಳಕು ಧ್ರುವೀಕರಣಗೊಂಡಿರಬೇಕು, ಎಂದರೆ ಅದರ ತರಂಗಗಳು ಹೆಚ್ಚಾಗಿ ಒಂದೇ ತಲದಲ್ಲಿ ಕಂಪಿಸಬೇಕು. 1956ರಲ್ಲಿ ಖಗೋಳವಿಜ್ಞಾನಿ ಬಾಡೆ ಆ ಧಾರೆಯಲ್ಲಿ ಅದನ್ನು ಕಂಡರು. ಕಾಂತಕ್ಷೇತ್ರ ಇದೆ ಎಂದಾಯಿತು. ಆದರೆ ಕಾಂತಕ್ಷೇತ್ರ ಇದ್ದಲ್ಲಿ ಅದನ್ನು ಹುಟ್ಟಿಸುವ ಕರೆಂಟೂ ಇರಬೇಕಲ್ಲ? ಹತ್ತನೇ ತರಗತಿಯ ವಿಜ್ಞಾನದಲ್ಲಿ ಬಲಗೈ ಹೆಬ್ಬೆರಳಿನ ನಿಯಮ ಓದಿದ ಕುಣಿಗಲ್ಲಿನ ಹುಡುಗಿಯೂ ಈ ಪ್ರಶ್ನೆ ಕೇಳಿಯಾಳು. ಖಗೋಳಶಾಸ್ತ್ರ ಮಾತ್ರ ಅದನ್ನು ದಶಕಗಳ ಕಾಲ ಬದಿಗಿಟ್ಟಿತು. ಕಾರಣ ಲೆಕ್ಕದ ರೂಢಿಯಲ್ಲಿದೆ ಎಂದು ನನಗನ್ನಿಸುತ್ತದೆ. ಪ್ಲಾಸ್ಮಾದ, ಎಂದರೆ ಆವೇಶವುಳ್ಳ ಕಣಗಳ ಅನಿಲದ, ಸಮೀಕರಣಗಳನ್ನು ಕಾಂತಕ್ಷೇತ್ರದ ಮೂಲಕವೇ ಬರೆಯುತ್ತಾರೆ. ಕರೆಂಟು ಕೊನೆಯಲ್ಲಿ ಬೇಕಾದರೆ ಲೆಕ್ಕಹಾಕಿ ತೆಗೆಯಬಹುದಾದ ಸಂಖ್ಯೆಯಾಗಿ ಉಳಿಯುತ್ತದೆ.

1970ರ ದಶಕದಲ್ಲಿ ಎರಡು ದಾರಿಗಳು ಮೂಡಿದವು. ರೀಸ್, ಶ್ಯೂಯರ್, ಬ್ಲ್ಯಾಂಡ್‌ಫರ್ಡ್ ಮೊದಲಾದ ವಿಜ್ಞಾನಿಗಳಲ್ಲಿ ಬಲವಾಗಿದ್ದ ನೋಟದಲ್ಲಿ ಧಾರೆ ಎಂದರೆ ರಭಸದಿಂದ ಹರಿಯುವ ದ್ರವ. 1976ರಲ್ಲಿ ಅಮೆರಿಕದ ರಿಚರ್ಡ್ ಲವ್‌ಲೇಸ್ ಬೇರೆ ಮಾತು ಹೇಳಿದರು: ಕಪ್ಪುಕುಳಿಯ ಸುತ್ತ ತಿರುಗುವ ಅನಿಲದ ತಟ್ಟೆ ಡೈನಮೊ ಇದ್ದಂತೆ, ಅದರಿಂದ ಹೊರಡುವ ಶಕ್ತಿ ಮುಖ್ಯವಾಗಿ ವಿದ್ಯುತ್ಕಾಂತೀಯ. 1977ರಲ್ಲಿ ಬ್ಲ್ಯಾಂಡ್‌ಫರ್ಡ್ ಮತ್ತು ಜ್ನಾಯೆಕ್ ತಿರುಗುವ ಕಪ್ಪುಕುಳಿಯ ತಿರುಗುಶಕ್ತಿಯನ್ನೇ ಕಾಂತಕ್ಷೇತ್ರದ ಮೂಲಕ ಹೊರತೆಗೆಯಬಹುದು ಎಂದು ತೋರಿಸಿದರು. ಸ್ವೀಡನ್ನಿನ ನೊಬೆಲ್ ವಿಜ್ಞಾನಿ ಹ್ಯಾನೆಸ್ ಆಲ್ಫ್‌ವೆನ್ ಇನ್ನೂ ಮುಂದೆ ಹೋಗಿ, 1978ರಲ್ಲಿ ಇಡೀ ಜೋಡಿ ರೇಡಿಯೊ ಮೂಲವನ್ನು ಒಂದು ವಿದ್ಯುತ್ ಮಂಡಲವಾಗಿ ಚಿತ್ರಿಸಿದರು. ಅವರ ವಿಶ್ವದರ್ಶನದ ಬಹುಪಾಲನ್ನು ಸಹೋದ್ಯೋಗಿಗಳು ಒಪ್ಪಲಿಲ್ಲ. ಆದರೆ ಮಂಡಲ ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬ ಅವರ ಪ್ರಶ್ನೆ ಸರಿಯಾದದ್ದೇ ಆಗಿತ್ತು.

ಬೆಂಗಳೂರು ಈ ಚರ್ಚೆಯಿಂದ ಹೊರಗಿರಲಿಲ್ಲ. ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ಕಪ್ಪುಕುಳಿಗಳ ಅಧ್ಯಯನದಲ್ಲಿ ಜಗತ್ತೇ ಬಲ್ಲ ಸಿ. ವಿ. ವಿಶ್ವೇಶ್ವರ ಅವರು ಎ. ಆರ್. ಪ್ರಸನ್ನ ಅವರೊಂದಿಗೆ, ತಿರುಗುವ ಕಪ್ಪುಕುಳಿಯ ಸುತ್ತ ವಿದ್ಯುತ್ಕಾಂತ ಕ್ಷೇತ್ರವಿದ್ದರೆ ಆವೇಶವುಳ್ಳ ಕಣಗಳು ಹೇಗೆ ಚಲಿಸುತ್ತವೆ ಎಂಬ ಲೆಕ್ಕವನ್ನು 1978ರಲ್ಲಿ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೊಂದು ಕಡೆ, ಮಧುಗಿರಿ, ಕೊರಟಗೆರೆಗಳ ಪಕ್ಕದ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಸಾವಿರ ಆಂಟೆನಾಗಳ, ‘ಟಿ’ ಆಕಾರದ ರೇಡಿಯೊ ದೂರದರ್ಶಕ ಕಟ್ಟಿದವು. ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅಲ್ಲಿಂದ 34.5 ಮೆಗಾಹರ್ಟ್ಸ್‌ನಲ್ಲಿ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಹೊರಬಂತು. ಇಷ್ಟು ಕಡಿಮೆ ಕಂಪನಾಂಕದಲ್ಲಿ ಧಾರೆಯ ತೆಳುವಾದ ಗೆರೆ ಕಾಣದು. ಧಾರೆಗಳು ಕೋಟಿಗಟ್ಟಲೆ ವರ್ಷ ಸುರಿದ ಹಳೆಯ ಎಲೆಕ್ಟ್ರಾನುಗಳ ಮೋಡಗಳು ಮಾತ್ರ ಚೆನ್ನಾಗಿ ಹೊಳೆಯುತ್ತವೆ.

ಕರೆಂಟನ್ನು ಅಳೆಯುವುದು ಹೇಗೆ? ಅಮ್ಮೀಟರ್ ಇಡಲು ಬರುವುದಿಲ್ಲ. ದಾರಿ ತೋರಿದ್ದು ಫ್ಯಾರಡೆ 1845ರಲ್ಲಿ ಕಂಡ ವಿದ್ಯಮಾನ. ಧ್ರುವೀಕರಣಗೊಂಡ ತರಂಗ ಕಾಂತಕ್ಷೇತ್ರವಿರುವ ಪ್ಲಾಸ್ಮಾದೊಳಗೆ ಹಾಯುವಾಗ ಅದರ ಕಂಪನತಲ ತಿರುಗುತ್ತದೆ. ಕ್ಷೇತ್ರ ನಮ್ಮತ್ತ ಇದ್ದರೆ ಒಂದು ಕಡೆಗೆ, ಆಚೆ ಮುಖವಾಗಿದ್ದರೆ ಇನ್ನೊಂದು ಕಡೆಗೆ. ಧಾರೆಯ ಉದ್ದಕ್ಕೂ ಕರೆಂಟು ಹರಿದರೆ ಕಾಂತಕ್ಷೇತ್ರ ಅದನ್ನು ಬಳೆಯಂತೆ ಸುತ್ತುತ್ತದೆ. ಆಗ ಧಾರೆಯ ಒಂದು ಅಂಚಿನಲ್ಲಿ ಕ್ಷೇತ್ರ ನಮ್ಮತ್ತ, ಇನ್ನೊಂದು ಅಂಚಿನಲ್ಲಿ ನಮ್ಮಿಂದಾಚೆ. ಅಡ್ಡಲಾಗಿ ಅಳೆಯುತ್ತಾ ಹೋದರೆ ತಿರುಗುವಿಕೆ ಕ್ರಮವಾಗಿ ಬದಲಾಗಬೇಕು. 2002ರಲ್ಲಿ ಜಪಾನಿನ ಅಸಾದಾ ತಂಡ 3ಸಿ 273 ಕ್ವೇಸಾರಿನ ಧಾರೆಯಲ್ಲಿ ಇಂಥ ಕ್ರಮವಾದ ಬದಲಾವಣೆ ಕಂಡಿತು. 2009ರಲ್ಲಿ ಪ್ರೀತಿ ಖರ್ಬ್ ಮುಂದಾಳತ್ವದ ತಂಡ 3ಸಿ 78 ಗೆಲಾಕ್ಸಿಯಲ್ಲಿ ಅದನ್ನೇ ಗುರುತಿಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪ್ರಜ್ವಲ್ ಶಾಸ್ತ್ರಿ ಆ ತಂಡದಲ್ಲಿದ್ದರು. ಮರುವರ್ಷವೇ ಟೇಲರ್ ಮತ್ತು ಜವಾಲಾ ಆಕ್ಷೇಪ ಎತ್ತಿದರು: ದೂರದರ್ಶಕದ ಸೂಕ್ಷ್ಮತೆಗಿಂತ ಧಾರೆ ಸಾಕಷ್ಟು ಅಗಲವಾಗಿರದಿದ್ದರೆ ಇಂಥ ಬದಲಾವಣೆಗಳನ್ನು ನಂಬುವುದು ಹೇಗೆ? ಈ ಆಕ್ಷೇಪ ಧಾರೆಗಳ ಅಧ್ಯಯನಕ್ಕೆ ಒಳ್ಳೆಯದನ್ನೇ ಮಾಡಿತು. ಆಮೇಲಿನ ಅಳತೆಗಳು ಹೆಚ್ಚು ಬಿಗಿಯಾದವು.

2011ರಲ್ಲಿ ಬಂತು ನಿರ್ಣಾಯಕ ಪ್ರಬಂಧ. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದ 3ಸಿ 303 ಗೆಲಾಕ್ಸಿಯ ಧಾರೆ ಒಂದೂವರೆ ಲಕ್ಷ ಜ್ಯೋತಿರ್ವರ್ಷಕ್ಕೂ ಉದ್ದ. ಅದರ ಒಂದು ಗಂಟಿನಲ್ಲಿ (ಧಾರೆಯ ಪ್ರಕಾಶಮಾನವಾದ ಒಂದು ತುಣುಕಿನಲ್ಲಿ) ಹರಿಯುವ ಕರೆಂಟನ್ನು ಫಿಲಿಪ್ ಕ್ರೋನ್‌ಬರ್ಗ್ ತಂಡ ಲೆಕ್ಕಹಾಕಿತು: 3ರ ಮುಂದೆ 18 ಸೊನ್ನೆಗಳಷ್ಟು ಆಂಪಿಯರ್, ದಿಕ್ಕು ಕಪ್ಪುಕುಳಿಯಿಂದ ಹೊರಕ್ಕೆ. 1976ರ ಲವ್‌ಲೇಸ್ ಈ ತಂಡದಲ್ಲೂ ಇದ್ದರು. ಮೂವತ್ತೈದು ವರ್ಷ ಒಂದು ಕಲ್ಪನೆಯನ್ನು ಕೈಬಿಡದೆ ಅಳತೆಯವರೆಗೆ ತಂದ ಆ ತಾಳ್ಮೆಗೆ ತಲೆಬಾಗಬೇಕು. ಈ ಸಂಖ್ಯೆಯ ಅಂದಾಜು ಬೇಕೆಂದರೆ ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕನ್ನೇ ತೆಗೆದುಕೊಳ್ಳಬಹುದು. ಅದರ ಸಾಮರ್ಥ್ಯ 2,050 ಮೆಗಾವಾಟ್. ಅಷ್ಟನ್ನೂ 400 ಕಿಲೊವೋಲ್ಟ್ ತಂತಿಗಳಲ್ಲಿ ಕಳಿಸಿದರೆ ಪ್ರತಿ ಫೇಸಿನಲ್ಲಿ ಹರಿಯುವುದು ಒಟ್ಟು ಸುಮಾರು 3,000 ಆಂಪಿಯರ್. 3ಸಿ 303ರ ಕರೆಂಟು ಅದರ ಹತ್ತು ಕೋಟಿ ಕೋಟಿ ಪಟ್ಟು.

ಹೊರಗೆ ಹೋದ ಕರೆಂಟು ಮರಳಿ ಬರುವುದು ಯಾವ ದಾರಿಯಲ್ಲಿ? ಆಲ್ಫ್‌ವೆನ್ ಕೇಳಿದ್ದು ಇದನ್ನೇ. ಐರ್ಲೆಂಡಿನ ಡೆನೀಸ್ ಗಬುಜ್ದಾ ತಂಡ 2018ರಲ್ಲಿ ಧಾರೆಗಳನ್ನು ಏಕಾಕ್ಷ ಕೇಬಲ್ಲಿಗೆ ಹೋಲಿಸಿತು: ನಡುವೆ ಒಂದು ದಿಕ್ಕು, ಹೊರಪದರದಲ್ಲಿ ಎದುರು ದಿಕ್ಕು. ಆಕರ್ಷಕ ಚಿತ್ರ, ಇನ್ನೂ ಪೂರ್ತಿ ಸಾಬೀತಾಗಿಲ್ಲ. 2021ರಲ್ಲಿ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಎಂ 87ರ ಕಪ್ಪುಕುಳಿಯ ಅಂಚಿನ ಧ್ರುವೀಕರಣದ ಚಿತ್ರ ಕೊಟ್ಟಿತು; ಧಾರೆ ಹುಟ್ಟುವಲ್ಲೇ ಬಲವಾದ, ಕ್ರಮಬದ್ಧ ಕಾಂತಕ್ಷೇತ್ರ ಇರುವುದು ಅದರಿಂದ ತಿಳಿಯಿತು. 2025ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಜಯದೀಪ್ ಬಾಗ್ಚಿ ತಂಡ 60 ಲಕ್ಷ ಜ್ಯೋತಿರ್ವರ್ಷ ಉದ್ದದ ಧಾರೆಗಳಿರುವ ಸುರುಳಿ ಗೆಲಾಕ್ಸಿಯೊಂದನ್ನು ವಿವರವಾಗಿ ವರದಿ ಮಾಡಿತು. ಅಷ್ಟು ದೂರ ಒಡೆಯದೆ ಸಾಗುವ ಧಾರೆಯನ್ನು ಬಿಗಿಹಿಡಿದಿರುವುದು ಅದರದೇ ಕರೆಂಟಿನ ಕಾಂತಬಳೆಯೇ ಎಂಬುದು ಈಗ ಕೇಳಲೇಬೇಕಾದ ಪ್ರಶ್ನೆ.

ಒಂದು ಗಂಟಿನ ಅಳತೆಯ ಮೇಲೆ ಸಿದ್ಧಾಂತ ನಿಲ್ಲಲಾರದು. ನೂರಾರು ಧಾರೆಗಳನ್ನು ಅಳೆಯಬೇಕು. ಭಾರತವೂ ಪಾಲುದಾರನಾಗಿರುವ ಎಸ್‌ಕೆಎ (ಸ್ಕ್ವೇರ್ ಕಿಲೋಮೀಟರ್ ಅರೇ) ರೇಡಿಯೊ ದೂರದರ್ಶಕ ಯೋಜನೆಯಲ್ಲಿ ಆಸ್ಟ್ರೇಲಿಯಾದ 1,31,072 ಆಂಟೆನಾಗಳು 50ರಿಂದ 350 ಮೆಗಾಹರ್ಟ್ಸ್‌ನಲ್ಲಿ ಆಲಿಸಲಿವೆ. ತರಂಗ ಉದ್ದವಾದಷ್ಟೂ ಫ್ಯಾರಡೆ ತಿರುಗುವಿಕೆ ಹೆಚ್ಚು, ಆದ್ದರಿಂದ ಅಳತೆ ಹೆಚ್ಚು ನಿಖರ. ಆದರೆ ಉದ್ದ ತರಂಗಗಳು ದಾರಿಯಲ್ಲೇ ಧ್ರುವೀಕರಣ ಕಳೆದುಕೊಳ್ಳುವುದೂ ಬೇಗ. ಈ ಎರಡರ ನಡುವೆ ಸರಿಯಾದ ಕಂಪನಾಂಕದ ಪಟ್ಟಿ ಯಾವುದೆಂದು ಪ್ರತಿ ಧಾರೆಗೂ ಬೇರೆ ಬೇರೆಯಾಗಿ ಹುಡುಕಬೇಕಾಗುತ್ತದೆ.