ಕೆಂಡದ ಮೇಲೆ ಸುಟ್ಟದ್ದು ತಿಂದರೆ ಕ್ಯಾನ್ಸರ್ ಖಚಿತವೇ? ಪೋರ್ಚುಗಲ್‌ನ ಬಿಸಿನೆಸ್ ಡಿನ್ನರ್‌ಗೆ ಹೋಗುವವರು ತಿಳಿಯಬೇಕಾದದ್ದು

“ಬೆಂಕಿಯಲ್ಲಿ ನೇರವಾಗಿ ಸುಟ್ಟ ಮಾಂಸ ವಿಷ. ಒಂದು ತುಂಡು ತಿಂದರೂ ಕ್ಯಾನ್ಸರ್ ಖಚಿತ. ಬೇಕಿದ್ದರೆ ಜೊತೆಗೆ ಎರಡು ಗ್ಲಾಸ್ ರೆಡ್ ವೈನ್ ಕುಡಿಯಿರಿ, ವಿಷ ಇಳಿಯುತ್ತದೆ.” ಇಂಥ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ಮಗನೋ ಮಗಳೋ ಕಂಪನಿ ಕೆಲಸದ ಮೇಲೆ ಯುರೋಪಿಗೆ ಹೊರಟರೆ ಮನೆಯವರು ಮೊದಲು ಕಳಿಸುವುದು ಇವನ್ನೇ.

ವೆಬ್ ಸಮ್ಮಿಟ್ ಎಂಬ ದೊಡ್ಡ ತಂತ್ರಜ್ಞಾನ ಸಮ್ಮೇಳನ 2016ರಲ್ಲಿ ಡಬ್ಲಿನ್‌ನಿಂದ ಲಿಸ್ಬನ್‌ಗೆ ಬಂತು. ಹೀಗಾಗಿ ಬೆಂಗಳೂರಿನ ಐಟಿಯವರಿಗೂ ಲಿಸ್ಬನ್ ಹೊಸ ಊರಲ್ಲ. ಅಲ್ಲಿ ಮೀಟಿಂಗ್ ಮುಗಿದ ಮೇಲೆ ರಾತ್ರಿ ಎಂಟರ ನಂತರ ಊಟಕ್ಕೆ ಕರೆದರೆ, ಅದು ಬಹುಮಟ್ಟಿಗೆ ಇದ್ದಿಲಿನ ಒಲೆ ಇರುವ ಹೋಟೆಲ್ಲೇ ಆಗಿರಬಹುದು. ಆ ಮೇಜಿನ ಸುತ್ತ ಓಡಾಡುವ ಐದು ಹೇಳಿಕೆಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ: ಅಪರೂಪಕ್ಕೆ ತಿಂದ ಸುಟ್ಟ ಕೋಳಿಯಿಂದ ಕ್ಯಾನ್ಸರ್ ಖಚಿತವಲ್ಲ. ಆದರೆ ಫಾರ್ವರ್ಡ್ ಯಾವುದನ್ನು ಔಷಧಿ ಎನ್ನುತ್ತದೋ ಅದರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಏನಿದು ‘ನಾ ಬ್ರಾಜ’?

ಪೋರ್ಚುಗೀಸ್ ಮೆನುವಿನಲ್ಲಿ ‘ನಾ ಬ್ರಾಜ’ ಎಂದಿದ್ದರೆ ‘ಕೆಂಡದ ಮೇಲೆ’ ಎಂದರ್ಥ. ಉರಿ ಇಳಿದು, ಇದ್ದಿಲಿನ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆ ಅಡುಗೆ ಶುರು. ಇಂಥ ಹೋಟೆಲ್‌ಗಳಿಗೆ ‘ಶುರಾಸ್ಕೈರಾ’ ಎನ್ನುತ್ತಾರೆ. ಕೋಳಿಯನ್ನು ಪುಸ್ತಕದಂತೆ ಬಿಡಿಸಿ ಎರಡು ಕಂಬಿ ಜಾಲರಿಗಳ ನಡುವೆ ಇಟ್ಟು, ಮತ್ತೆ ಮತ್ತೆ ತಿರುವಿ ಬೇಯಿಸುತ್ತಾರೆ. ಜೂನ್ ತಿಂಗಳಲ್ಲಿ ಸಂತ ಅಂತೋನಿಯ ಹಬ್ಬಕ್ಕೆ ಲಿಸ್ಬನ್‌ನ ಬೀದಿಗಳಲ್ಲೇ ಬೂತಾಯಿ ಜಾತಿಯ ಸಾರ್ಡೀನ್ ಮೀನು ಸುಡುತ್ತಾರೆ. ಕೋಳಿಗೆ ಸವರುವ ಪಿರಿಪಿರಿ ಖಾರದ ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ್ದು. ಅದನ್ನು ಆಫ್ರಿಕಾಕ್ಕೆ ಒಯ್ದ ಪೋರ್ಚುಗೀಸರೇ ನಮ್ಮ ಪಶ್ಚಿಮ ಕರಾವಳಿಗೂ ಮೆಣಸಿನಕಾಯಿ ತಂದವರು.

ಹೇಳಿಕೆ 1: ಸುಟ್ಟ ಮಾಂಸ ತಿಂದರೆ ಕ್ಯಾನ್ಸರ್ ಖಚಿತ

ಅರ್ಧ ಸತ್ಯ. ಹೆಚ್ಚು ಬಿಸಿಯಲ್ಲಿ ಮಾಂಸದ ಅಮೈನೋ ಆಮ್ಲ, ಕ್ರಿಯಾಟಿನ್ ಮತ್ತು ಸಕ್ಕರೆ ಸೇರಿ ಎಚ್‌ಸಿಎ ಎಂಬ ರಾಸಾಯನಿಕಗಳು ಉಂಟಾಗುತ್ತವೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಾಗ ಪಿಎಎಚ್ ಎಂಬ ಇನ್ನೊಂದು ಗುಂಪಿನವು ಹುಟ್ಟಿ, ಹೊಗೆಯ ಜೊತೆ ಮೇಲೇರಿ ಮಾಂಸಕ್ಕೆ ಅಂಟುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇವು ಕ್ಯಾನ್ಸರ್ ತಂದದ್ದು ನಿಜ. ಆದರೆ ಅಲ್ಲಿ ಕೊಟ್ಟ ಪ್ರಮಾಣ, ಮನುಷ್ಯ ಊಟದಲ್ಲಿ ಸೇವಿಸುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು.

ಹಾಗಾದರೆ ಬಲವಾದ ಸಾಕ್ಷ್ಯ ಇರುವುದು ಯಾವುದಕ್ಕೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2015ರಲ್ಲಿ ಸಂಸ್ಕರಿತ ಮಾಂಸವನ್ನು ಗುಂಪು 1ಕ್ಕೆ ಸೇರಿಸಿತು. ದನ, ಹಂದಿ, ಕುರಿಯಂಥ ಕೆಂಪು ಮಾಂಸವನ್ನು ಗುಂಪು 2ಎಗೆ ಸೇರಿಸಿತು. ಕೋಳಿ ಮತ್ತು ಮೀನು ಈ ಎರಡರಲ್ಲೂ ಇಲ್ಲ. ಪೋರ್ಚುಗಲ್‌ನಲ್ಲಿ ಮಣ್ಣಿನ ತಟ್ಟೆಗೆ ಮದ್ಯ ಸುರಿದು, ಮೇಜಿನ ಮೇಲೇ ಬೆಂಕಿ ಹಚ್ಚಿ ಸುಡುವ ‘ಶೊರೀಸು’ ಎಂಬ ಹಂದಿಮಾಂಸದ ಸಾಸೇಜ್ ಇದೆ. ಎಲ್ಲರೂ ಮೊಬೈಲ್ ತೆಗೆದು ವಿಡಿಯೋ ಮಾಡುವ ಆ ತಟ್ಟೆಯೇ ಸಂಸ್ಕರಿತ ಮಾಂಸ.

ಇಲ್ಲಿ ಎರಡು ವಿಷಯ ನೆನಪಿಡಿ. ಗುಂಪು 1 ಎಂದರೆ ‘ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ’ ಎಂದು. ಅದೇ ಗುಂಪಿನಲ್ಲಿ ತಂಬಾಕು ಇದ್ದ ಮಾತ್ರಕ್ಕೆ ಸಾಸೇಜ್ ಸಿಗರೇಟಿನಷ್ಟೇ ಅಪಾಯಕಾರಿ ಎಂದಲ್ಲ. ಎರಡನೆಯದು ಲೆಕ್ಕ. ದಿನವೂ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ. ಹಾಗೆಂದರೆ ನೂರರಲ್ಲಿ 18 ಜನರಿಗೆ ಬರುತ್ತದೆ ಎಂದು ತಿಳಿಯಬೇಡಿ. ನೂರರಲ್ಲಿ ಐವರಿಗೆ ಬರುತ್ತಿತ್ತು ಎಂದಿಟ್ಟುಕೊಂಡರೆ ಅದು ಸುಮಾರು ಆರಾಗುತ್ತದೆ. ಅದೂ ದಿನನಿತ್ಯ ತಿನ್ನುವವರ ಮಾತು, ಪ್ರವಾಸದ ಒಂದು ರಾತ್ರಿಯದ್ದಲ್ಲ.

ಆದರೂ ಎಚ್ಚರಿಕೆ ಸುಲಭ. ಕಪ್ಪಾದ ಭಾಗವನ್ನು ತೆಗೆದು ಬದಿಗಿಡಿ. ಮನೆಯಲ್ಲಿ ಮಾಡುವುದಾದರೆ ನಿಂಬೆರಸ, ಬೆಳ್ಳುಳ್ಳಿ ಹಚ್ಚಿ ನೆನೆಸಿ, ಆಗಾಗ ತಿರುವಿ, ಉರಿಗೆ ನೇರವಾಗಿ ಒಡ್ಡಬೇಡಿ.

ಹೇಳಿಕೆ 2: ಹೊರಗೆ ಕಪ್ಪಾಗಿದ್ದರೆ ಒಳಗೂ ಬೆಂದಿದೆ

ತಪ್ಪು. ಕೆಂಡದ ಬಿಸಿಗೆ ಚರ್ಮ ಬೇಗ ಕಪ್ಪಾಗುತ್ತದೆ, ಮೂಳೆಯ ಪಕ್ಕ ಹಸಿಯಾಗಿಯೇ ಉಳಿಯಬಹುದು. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುತ್ತವೆ. ಮೂಳೆಯ ಹತ್ತಿರ ಮಾಂಸ ಹಸಿಯಾಗಿ ಕಂಡರೆ ಸಂಕೋಚವಿಲ್ಲದೆ ವಾಪಸ್ ಕಳಿಸಿ. ಕ್ಲೈಂಟ್ ಎದುರಿಗಿದ್ದಾರೆ ಎಂದು ನುಂಗಿಕೊಂಡರೆ ಮರುದಿನದ ಮೀಟಿಂಗ್ ತಪ್ಪುತ್ತದೆ.

ಹೇಳಿಕೆ 3: ರೆಡ್ ವೈನ್ ಕೊಬ್ಬು ಕರಗಿಸುತ್ತದೆ, ವಿಷ ಇಳಿಸುತ್ತದೆ

ಪೂರ್ತಿ ತಪ್ಪು. ಮದ್ಯ ಹೊಟ್ಟೆಯೊಳಗಿನ ಕೊಬ್ಬನ್ನು ಕರಗಿಸುವುದಿಲ್ಲ, ಎಚ್‌ಸಿಎಯನ್ನು ತೊಳೆಯುವುದೂ ಇಲ್ಲ. ಮದ್ಯಪಾನೀಯಗಳನ್ನು ಐಎಆರ್‌ಸಿ 1988ರಲ್ಲೇ ಗುಂಪು 1ಕ್ಕೆ ಸೇರಿಸಿದೆ. ಕರುಳು, ಸ್ತನ ಸೇರಿದಂತೆ ಕನಿಷ್ಠ ಏಳು ಬಗೆಯ ಕ್ಯಾನ್ಸರ್‌ಗೆ ಮದ್ಯದ ನಂಟಿದೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಅಂದರೆ ಫಾರ್ವರ್ಡ್ ನಮ್ಮನ್ನು ಕೋಳಿಯಿಂದ ಹೆದರಿಸಿ, ಸಾಕ್ಷ್ಯ ಇನ್ನೂ ಗಟ್ಟಿಯಾಗಿರುವ ಗ್ಲಾಸಿನತ್ತ ತಳ್ಳುತ್ತಿದೆ.

ಬಿಸಿನೆಸ್ ಡಿನ್ನರ್‌ನಲ್ಲಿ ‘ಬೇಡ’ ಎನ್ನುವುದೇ ಹಲವರಿಗೆ ಕಷ್ಟ. ಇನ್ನೊಂದು ವಿಷಯ, ಊಟದ ಕೊನೆಗೆ ಪುಟ್ಟ ಗ್ಲಾಸಿನಲ್ಲಿ ಬರುವ ಸಿಹಿ ಪೋರ್ಟ್ ವೈನ್ ಜ್ಯೂಸಿನಂತೆ ಇಳಿದರೂ ಅದರಲ್ಲಿ ಸುಮಾರು ಶೇ. 20 ಆಲ್ಕೋಹಾಲ್ ಇರುತ್ತದೆ, ಸಾಮಾನ್ಯ ವೈನ್‌ನಲ್ಲಿ ಶೇ. 12ರಿಂದ 14. ಕುಡಿಯದವರು ‘ಆಗ್ವಾ ಕೋಂ ಗಾಶ್’ ಎಂದರೆ ಸಾಕು, ಸೋಡಾ ನೀರು ಬರುತ್ತದೆ. ಅದನ್ನೇ ಎತ್ತಿ ಚಿಯರ್ಸ್ ಹೇಳಬಹುದು.

ಹೇಳಿಕೆ 4: ಕೇಳದೆ ತಂದಿಟ್ಟ ಬ್ರೆಡ್ ಉಚಿತ, ಹಸಿರು ಸೂಪ್ ಸಸ್ಯಾಹಾರ

ಎರಡೂ ತಪ್ಪು. ಕೂತ ಕೂಡಲೇ ಬರುವ ಬ್ರೆಡ್, ಆಲಿವ್, ಚೀಸ್‌ಗೆ ‘ಕೂವೇರ್’ ಎನ್ನುತ್ತಾರೆ. ತಿಂದರೆ ಬಿಲ್ಲಿಗೆ ಸೇರುತ್ತದೆ. ಆದರೆ ನೀವು ಕೇಳದೆ, ಮುಟ್ಟದೆ ಬಿಟ್ಟಿದ್ದಕ್ಕೆ ಹಣ ಕೇಳುವಂತಿಲ್ಲ ಎಂದು 2015ರ ಪೋರ್ಚುಗೀಸ್ ಕಾನೂನು ಹೇಳುತ್ತದೆ. ಬೇಡವಾದರೆ ಬಂದ ಕೂಡಲೇ ವಾಪಸ್ ಕೊಡಿ.

ಸೊಪ್ಪು, ಆಲೂಗಡ್ಡೆಯ ‘ಕಾಲ್ದು ವೇರ್ದ್’ ಸೂಪ್‌ನಲ್ಲಿ ಸಾಮಾನ್ಯವಾಗಿ ಶೊರೀಸು ತುಂಡು ಇರುತ್ತದೆ. ಸಸ್ಯಾಹಾರಿಗಳು ಮೊದಲೇ ಕೇಳಿ. ಸುಟ್ಟ ದೊಣ್ಣೆ ಮೆಣಸಿನಕಾಯಿ, ಆಲೂಗಡ್ಡೆ ಕೇಳಬಹುದು, ಆದರೆ ಅವು ಬೇಯುವುದು ಅದೇ ಜಾಲರಿಯ ಮೇಲೆ ಇರಬಹುದು.

ಹೇಳಿಕೆ 5: ಹೊಗೆ ಇಲ್ಲದ ಕೆಂಡ ನಿರಪಾಯ

ಇದು ಪ್ರಾಣಕ್ಕೇ ಎರವಾಗುವ ಸುಳ್ಳು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೋಟೆಲ್‌ನ ಒಲೆಯ ಮೇಲೆ ದೊಡ್ಡ ಚಿಮಣಿ, ಫ್ಯಾನ್ ಇರುವುದು ಅದಕ್ಕಾಗಿಯೇ.

ಊರಿಗೆ ಬಂದ ಮೇಲೆ ಮನೆಯಲ್ಲಿ ಬಾರ್ಬೆಕ್ಯೂ ಮಾಡುತ್ತೇವೆ, ಚಿಕ್ಕಮಗಳೂರು, ಮಡಿಕೇರಿಯ ಚಳಿಯಲ್ಲಿ ಕೆಂಡ ಕಾಯಿಸುತ್ತೇವೆ. ಮಳೆ ಬಂತೆಂದೋ, ರಾತ್ರಿ ಬೆಚ್ಚಗಿರಲಿ ಎಂದೋ ಆ ಒಲೆಯನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿ ಮಲಗಿದರೆ ಎಚ್ಚರವಾಗದೇ ಹೋಗಬಹುದು. ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಕೊನೆಯದಾಗಿ

ಪ್ರವಾಸ ಹೊರಟ ಮಗಳಿಗೆ ಕೋಳಿ ತಿನ್ನಬೇಡ ಎಂದು ಹೇಳುವ ಬದಲು ಮೂರು ಮಾತು ಹೇಳಿ: ಕರಿದು ಹೋದದ್ದನ್ನು ಬಿಡು, ಗ್ಲಾಸಿಗೆ ಬೇಡ ಎನ್ನಲು ನಾಚಬೇಡ, ಕೆಂಡವನ್ನು ಎಂದಿಗೂ ಕೋಣೆಯೊಳಗೆ ತರಬೇಡ. ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕೆಂದರೆ ಕೊನೆಯ ಮಾತನ್ನು ಮಾಡಿ, ಚಳಿಗಾಲಕ್ಕೆ ಮುಂಚೆ.