ಮೆಚ್ಚುಗೆ ಮತ್ತು ವಿವೇಚನೆ: ಕನ್ನಡ ಕಾವ್ಯವಿಚಾರದ ನಡೆ

ಕನ್ನಡದಲ್ಲಿ ಇಂದು ಉಳಿದುಬಂದಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಕಾವ್ಯವನ್ನು ಕುರಿತ ವಿಚಾರಗ್ರಂಥವೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀವಿಜಯನು ರಚಿಸಿದನೆಂದು ವಿದ್ವಾಂಸರು ಬಗೆಯುವ 'ಕವಿರಾಜಮಾರ್ಗ'ವು ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿದರೂ, ಅದರ ದೃಷ್ಟಿ ನೆಟ್ಟಿರುವುದು ಕನ್ನಡ ನೆಲದ ಮೇಲೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ಓದು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಮನಸಾರೆ ಮೆಚ್ಚುವ ಈ ಗ್ರಂಥಕಾರನು ದೋಷಗಳನ್ನು ಎತ್ತಿ ತೋರಿಸಲು ಹಿಂಜರಿಯುವುದಿಲ್ಲ. ಸಂಸ್ಕೃತವನ್ನು ಹದವರಿಯದೆ ಕನ್ನಡದೊಡನೆ ಬೆರೆಸಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆಂದು ಎಚ್ಚರಿಸುತ್ತಾನೆ. ಆದರೆ ನಾಡಿನಲ್ಲಿ ದೇಸಿಯು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸರುವನೆಂದು ಒಪ್ಪಿಕೊಳ್ಳುತ್ತಾನೆ. ಹಲವು ಕನ್ನಡಗಳನ್ನು ಕಂಡ ಈ ಔದಾರ್ಯದ ಮಹತ್ವವನ್ನು ನಮ್ಮ ಕಾಲದಲ್ಲಿ ಮನಗಾಣಿಸಿದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ನಾಗವರ್ಮನು 'ಕಾವ್ಯಾವಲೋಕನ'ದಲ್ಲಿ ವ್ಯಾಕರಣವನ್ನೂ ಅಲಂಕಾರಶಾಸ್ತ್ರವನ್ನೂ ಒಂದೆಡೆ ತಂದನು. ಬಳಿಕ ಶತಮಾನಗಳವರೆಗೆ ಲಕ್ಷಣಗ್ರಂಥಗಳ ಪರಂಪರೆಯೇ ಮುಂದುವರಿಯಿತು. ಆಧುನಿಕ ವಿಚಾರಕ್ಕೆ ಚಾಲನೆ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. 1911ರಲ್ಲಿ ಧಾರವಾಡದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವಿತ್ತರು. 1953ರಲ್ಲಿ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಪ್ರಕಟವಾಗಿ ರಸ, ಧ್ವನಿ, ಔಚಿತ್ಯಗಳ ಚಿಂತನೆ ಸಾಮಾನ್ಯ ವಾಚಕರಿಗೂ ಎಟುಕಿತು. ನವ್ಯರು ಕೃತಿಯ ಸೂಕ್ಷ್ಮ ಓದನ್ನು ಕಲಿಸಿದರು; ಕೀರ್ತಿನಾಥ ಕುರ್ತಕೋಟಿಯವರು ಯುಗಧರ್ಮದ ಬೆಳಕಿನಲ್ಲಿ ಸಾಹಿತ್ಯವನ್ನು ನೋಡಿದರು. 1979ರಲ್ಲಿ ಸಂಘಟಿತವಾದ ಬಂಡಾಯವೂ, ದಲಿತ ಮತ್ತು ಸ್ತ್ರೀವಾದಿ ಚಿಂತನೆಗಳೂ 'ಇದು ಯಾರ ಸಾಹಿತ್ಯ?' ಎಂಬ ಪ್ರಶ್ನೆಯನ್ನು ಮುಂದಿಟ್ಟವು. ಡಿ.ಆರ್. ನಾಗರಾಜರು ಅದನ್ನು ಮತ್ತಷ್ಟು ಆಳಕ್ಕೆ ಒಯ್ದರು.

ಈ ದೀರ್ಘ ಪರಂಪರೆಗೂ ಬೇ ಏರಿಯಾದ ಕನ್ನಡಿಗರಿಗೂ ಏನು ಸಂಬಂಧ? ಸ್ಯಾನ್ ಹೊಸೆಯ ಒಂದು ಮನೆಯ ಜಗಲಿಯಲ್ಲಿ ಧಾರವಾಡದ, ಮಂಗಳೂರಿನ, ಮೈಸೂರಿನ ಕನ್ನಡಗಳು ಒಟ್ಟಿಗೆ ಕೇಳಿಬರುತ್ತವೆ. ನಡುವೆ ಇಂಗ್ಲಿಷಿನ ಹನಿಗಳೂ ಬೀಳುತ್ತವೆ. ಶ್ರೀವಿಜಯನು ಎದುರಿಸಿದ ಪ್ರಶ್ನೆಗಳೇ ಇಲ್ಲಿ ಮರಳಿ ಬಂದಿವೆ. ಆದರೆ ನಮ್ಮವರ ಪುಸ್ತಕ ಬಿಡುಗಡೆಯಾದಾಗ ನಾವು ಶಾಲು ಹೊದಿಸಿ, ಚಪ್ಪಾಳೆ ತಟ್ಟಿ, ಊಟಕ್ಕೆ ಏಳುತ್ತೇವೆ. ಓದಿ ಹೇಳುವವರು ವಿರಳ. ದೂರದೇಶದಲ್ಲಿ ಕನ್ನಡದಲ್ಲಿ ಬರೆದದ್ದೇ ದೊಡ್ಡದೆಂಬ ಮಮತೆ ಸಹಜವೇ ಸರಿ. ಆದರೆ ಬರಿಯ ಮಮತೆಯಿಂದ ಬರಹ ಬೆಳೆಯದು. ಮುಂದಿನ ಸಮ್ಮೇಳನಕ್ಕೆ ಎರಡು ವರ್ಷಗಳಿವೆ. ಅಷ್ಟರಲ್ಲಿ ನಮ್ಮವರೊಬ್ಬರ ಒಂದು ಕೃತಿಯನ್ನಾದರೂ ಓದಿ, ಹಿಡಿಸಿದ್ದನ್ನೂ ಹಿಡಿಸದ್ದನ್ನೂ ಸ್ನೇಹದಿಂದ ಬರೆದು ತಿಳಿಸೋಣ. ನಮ್ಮ ಮೊದಲ ಗ್ರಂಥಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದೇ.